ಮೂರು ರಾತ್ರಿಯ ವಾಸ

ಹಲಸೂರಿನ ಸೋಮೇಶ್ವರಸ್ವಾಮಿಯ ಪಾದಗಳನ್ನು ನೆನೆದು, ಆಮೇಲೆ ಲೇಖನಿಯನ್ನು ಹಿಡಿದದ್ದು.

ಬಹುಧಾನ್ಯ ನಾಮ ಸಂವತ್ಸರದ ಆಶ್ವಯುಜ ಶುದ್ಧ ದಶಮಿ, ಗುರುವಾರ, ವಿಜಯದಶಮಿ
ತಾರೀಖು 1-10-1998, ಹಲಸೂರು

ಚಿರಂಜೀವಿ ಸೌಭಾಗ್ಯವತಿ ಸುಕನ್ಯಳಿಗೆ ತಂದೆ ಸಂಜೀವಪ್ಪನ ಆಶೀರ್ವಾದಗಳು.

ನಾನೂ ನಿನ್ನ ತಾಯಿಯೂ ಕ್ಷೇಮ. ಹುಬ್ಬಳ್ಳಿಯಿಂದ ನೀನು ಬರೆದ ಕಾಗದ ನವರಾತ್ರಿಯ ಆರನೆಯ ದಿನ ಕೈಸೇರಿತು. ಗರುಡಾಚಾರ್‌ಪಾಳ್ಯದಲ್ಲಿ ನಿನ್ನ ಪಾಲಿಗೆ ಬಂದ ನಿವೇಶನದ ಮೇಲೆ ನಾಲ್ಕು ಮನೆಗಳ ಕಟ್ಟಡವೆದ್ದು ಸುಣ್ಣಬಣ್ಣವೂ ಮುಗಿಯಿತೆಂದು ಓದಿ ಸಂತೋಷವಾಯಿತು. ನಿನ್ನ ಅಜ್ಜ ಬೈಲಪ್ಪನವರು ರಾಗಿ ಬಿತ್ತುತ್ತಿದ್ದ ನೆಲ ಅದು. ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿ ಸವೆದ ನನಗೆ ವ್ಯವಹಾರಜ್ಞಾನ ಅಷ್ಟಾಗಿ ಇಲ್ಲ. ಆದರೂ ಹಲಸೂರಿನ ಎರಡು ಮನೆಗಳನ್ನೂ ಕಾಕ್ಸ್ ಟೌನಿನ ಒಂದನ್ನೂ ಮೂವತ್ತು ವರ್ಷ ಬಾಡಿಗೆಗೆ ಕೊಟ್ಟು ನೋಡಿಕೊಂಡವನು. ನೀನು ದಾರಿ ಕೇಳಿದ್ದರಿಂದ ತಿಳಿದಷ್ಟನ್ನು ಬರೆಯುತ್ತೇನೆ.

ಬಾಡಿಗೆಗೆ ಕೊಡುವ ಮೊದಲು ತೊಟ್ಟಿ ತುಂಬಿಸಿ ನಾಲ್ಕು ಮನೆಯ ನಲ್ಲಿಗಳನ್ನೂ ಏಕಕಾಲಕ್ಕೆ ತಿರುಗಿಸಿ ನೋಡು. ಯಾವ ನಲ್ಲಿ ಮೊದಲು ಒಣಗುವುದೋ ಆ ಮನೆಯ ಬಾಡಿಗೆಯನ್ನು ಐವತ್ತು ರೂಪಾಯಿ ಇಳಿಸಿಯೇ ಹೇಳು. ಬಂದಮೇಲೆ ಅವರೇ ಕಂಡುಕೊಂಡರೆ ನಿನ್ನ ಮಾತಿಗೆ ಬೆಲೆಯಿರದು. ವಿದ್ಯುತ್ ಮೀಟರು ಮನೆಗೊಂದಿರಲಿ. ಒಂದೇ ಮೀಟರಿನ ಬಿಲ್ಲನ್ನು ನಾಲ್ವರಿಗೆ ಹಂಚಹೊರಟವನು ಪ್ರತಿ ತಿಂಗಳೂ ಮೆಟ್ಟಿಲ ಮೇಲೆ ನ್ಯಾಯ ಹೇಳುತ್ತ ನಿಲ್ಲಬೇಕಾಗುತ್ತದೆ. ಮಹಡಿಯ ಮೇಲೆ ಬಟ್ಟೆ ಒಣಗಿಸುವ ದಿನಗಳನ್ನು ಮೊದಲೇ ಗೊತ್ತುಮಾಡು. ಇದು ಅಲ್ಪ ವಿಷಯವೆಂದು ನಗಬೇಡ.

ನಮ್ಮ ಊರಿನ ರೂಢಿಯಂತೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುತ್ತೀಯೆ. ಅದು ನಿನ್ನ ಹಣವಲ್ಲ, ಅವರು ನಿನ್ನಲ್ಲಿಟ್ಟ ನ್ಯಾಸ. ಬ್ಯಾಂಕಿನಲ್ಲಿ ಪ್ರತ್ಯೇಕವಾಗಿಡು. ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದುಂಟು. ಅದಕ್ಕಿಂತ ಹೆಚ್ಚು ಹಿಡಿದವರ ಮನೆಗೆ ಒಳ್ಳೆಯ ಬಾಡಿಗೆದಾರ ಎರಡನೆಯ ಸಲ ಬರುವುದಿಲ್ಲ. ಸಾಲದ ಕಂತನ್ನು ಲೆಕ್ಕ ಹಾಕುವಾಗ ವರ್ಷಕ್ಕೆ ಹನ್ನೆರಡು ತಿಂಗಳೆಂದು ಎಣಿಸದೆ ಹತ್ತೇ ಎಂದು ಎಣಿಸು. ಒಂದು ತಿಂಗಳು ಮನೆ ಖಾಲಿಯಿರುತ್ತದೆ, ಇನ್ನೊಂದನ್ನು ರಿಪೇರಿ ತಿನ್ನುತ್ತದೆ.

ಬಂದವರ ಜಾತಿಯನ್ನೂ ಅಡುಗೆಯನ್ನೂ ವಿಚಾರಿಸಬೇಡ. ಎಷ್ಟು ಜನ, ಏನು ಕೆಲಸ, ಹಿಂದಿನ ಮನೆಯನ್ನು ಏಕೆ ಬಿಟ್ಟರು, ಈ ಮೂರನ್ನು ಕೇಳು. ಮೂರನೆಯದನ್ನು ಕೇಳುವಾಗ ಅವರ ಮುಖವನ್ನು ನೋಡು. ಅದರ ಉತ್ತರದಲ್ಲಿ ತಪ್ಪು ಯಾವಾಗಲೂ ಬಾಡಿಗೆದಾರನದೇ ಆಗಿರಬೇಕೆಂದಿಲ್ಲ.

ನಿನ್ನ ಯಜಮಾನರಾದ ಆನಂದರಿಗೆ ನನ್ನ ಆಶೀರ್ವಾದ ತಿಳಿಸು.

ಇತಿ ನಿನ್ನ ಶ್ರೇಯಸ್ಸನ್ನು ಬಯಸುವ,
ಸಂಜೀವಪ್ಪ

*

ಹುಬ್ಬಳ್ಳಿ
22-11-1998

ತೀರ್ಥರೂಪು ಅಪ್ಪನವರಿಗೆ ಸುಕನ್ಯಳ ಸಾಷ್ಟಾಂಗ ನಮಸ್ಕಾರಗಳು.

ನಿಮ್ಮ ಕಾಗದವನ್ನು ಚೀಲದಲ್ಲಿಟ್ಟುಕೊಂಡೇ ಬೆಂಗಳೂರಿಗೆ ಹೋಗಿದ್ದೆ. ಒಂದೇ ದಿನದ ಕೆಲಸವಾದ್ದರಿಂದ ಹಲಸೂರಿಗೆ ಬರಲಾಗಲಿಲ್ಲ, ಕ್ಷಮಿಸಿ. ಮೂರು ಮನೆ ಕಾರ್ಖಾನೆಯ ನೌಕರರಿಗೆ ಹೋದವು. ಕೆಳಗಿನ ದೊಡ್ಡ ಮನೆಯನ್ನು ಪಟಾಲಮ್ಮ ಎನ್ನುವವರಿಗೆ ಕೊಟ್ಟೆ. ಗಂಡನಿಲ್ಲ, ಸುತ್ತಲಿನ ಕಾರ್ಖಾನೆಯವರಿಗೆ ಊಟ ಮಾಡಿ ಹಾಕುತ್ತಾರೆ. ಮನೆ ನೋಡಿದ ಕೂಡಲೇ, "ಒಲೆ ಹೊಗೆ ಬರುತ್ತೆ, ಗೋಡೆ ಕಪ್ಪಾಗುತ್ತೆ, ಈಗ್ಲೇ ಹೇಳ್ಬಿಡ್ತೀನಿ ಕಣಮ್ಮ. ಆಮೇಲೆ ಮೂತಿ ಊದಿಸ್ಕೊಂಡು ಬರ್ಬೇಡ" ಎಂದರು.

ನೀವು ಹೇಳಿಕೊಟ್ಟ ಮೂರನೆಯ ಪ್ರಶ್ನೆಯನ್ನು ಕೇಳಿದೆ. "ಅವ್ರ ಮಗಳಿಗೆ ಮದ್ವೆ, ಮನೆ ಬೇಕು ಅಂದ್ರು, ಬಿಟ್ಟೆ. ಮದ್ವೆನೂ ಕಾಣೆ, ಮಗಳನ್ನೂ ಕಾಣೆ. ಈಗ ಅಲ್ಲಿ ಸಿಲಿಂಡರ್ ಗೋಡೌನ್ ಮಾಡವ್ರೆ" ಎಂದು ನಕ್ಕರು. ನನಗೂ ನಗು ಬಂತು. ಹಾಗೆ ನಗುವವರಿಗೆ ಮನೆ ಕೊಡದೆ ಇರಲಾಗಲಿಲ್ಲ.

ಅವರ ಮಾತು ಕೇಳಿ ಕಾಕ್ಸ್ ಟೌನಿನ ಮನೆಯಲ್ಲಿದ್ದ ಫಹ್ಮಿದಾ ಆಂಟಿ ನೆನಪಾದರು. ರಂಜಾನಿಗೆ ಡಬ್ಬಿಯ ತುಂಬ ಶೀರ್ ಖುರ್ಮಾ ಕಳಿಸುತ್ತಿದ್ದರಲ್ಲ. ಅವರು ಸ್ವಂತ ಮನೆ ಕಟ್ಟಿಕೊಂಡು ಹೋದರೆಂದು ನೀವು ಅಂದಿದ್ದಿರಿ. ಎಲ್ಲಿ ಕಟ್ಟಿದರು? ಜಿಯಾವುಲ್ಲಾ ಸಾಹೇಬರ ಬೈಂಡಿಂಗ್ ಅಂಗಡಿ ಶಿವಾಜಿನಗರದಲ್ಲಿ ಈಗಲೂ ಇದೆಯೇ? ಮುಂದಿನ ಸಲ ಬಂದಾಗ ನೋಡಿಬರುವ ಆಸೆ.

ಇತಿ ನಿಮ್ಮ ಮಗಳು,
ಸುಕನ್ಯ

*

ಹಲಸೂರು
9-1-1999

ಚಿ. ಸೌ. ಸುಕನ್ಯಳಿಗೆ ಆಶೀರ್ವಾದಗಳು.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಧನುರ್ಮಾಸದ ಪೂಜೆಗಳಿದ್ದುವು.

ಹೊಗೆಯ ವಿಷಯ. ಅಡುಗೆಮನೆಯ ಮೇಲ್ಭಾಗದಲ್ಲಿ ಒಂದು ಕಿಂಡಿ ಒಡೆಸಿ ತಗಡಿನ ಕೊಳವೆಯನ್ನು ಮಹಡಿಯವರೆಗೆ ಏರಿಸು. ಖರ್ಚು ನಿನ್ನದಾಗಲಿ. ಮನೆಯೊಡನೆ ಉಳಿಯುವ ವಸ್ತುವಿಗೆ ಮನೆಯವನೂ, ಬಾಡಿಗೆದಾರನೊಡನೆ ಹೋಗುವ ವಸ್ತುವಿಗೆ ಬಾಡಿಗೆದಾರನೂ ಹಣ ಹಾಕುವುದು ನ್ಯಾಯ. ಬಾಡಿಗೆ ಏರಿಸುವ ಕಾಲಕ್ಕೆ ಮೂರು ತಿಂಗಳು ಮೊದಲೇ ಬಾಯಿಬಿಟ್ಟು ಹೇಳು. ಮಹಡಿಯ ಇಳಿಜಾರಿನಲ್ಲಿ ನೀರು ನಿಲ್ಲುತ್ತಿದ್ದರೆ ಬೇಸಗೆಯಲ್ಲಿಯೇ ಗಾರೆ ಮಾಡಿಸು. ಮೇ ತಿಂಗಳ ಮಳೆ ಬಂದಮೇಲೆ ಮೇಸ್ತ್ರಿಗಳು ಸಿಕ್ಕುವುದಿಲ್ಲ. ಬಾಡಿಗೆ ಪಡೆದ ಕೂಡಲೇ ಚೀಟಿ ಬರೆದುಕೊಡು. ಚೀಟಿ ಕೊಡದಿರುವುದು ಜಾಣತನವೆಂದು ನಿನಗೆ ಹೇಳುವವರು ಸಿಕ್ಕಾರು. ಅವರ ಮಾತು ಕೇಳಬೇಡ.

ನೀನು ಕೇಳಿದ ಉಳಿದ ವಿಷಯಗಳನ್ನು ಸಾವಕಾಶವಾಗಿ ಬರೆಯುತ್ತೇನೆ. ಕಣ್ಣು ಸ್ವಲ್ಪ ಮಸುಕಾಗಿದೆ.

ಇತಿ,
ಸಂಜೀವಪ್ಪ

*

ಹುಬ್ಬಳ್ಳಿ
14-8-1999

ತೀರ್ಥರೂಪು ಅಪ್ಪನವರಿಗೆ ನಮಸ್ಕಾರಗಳು.

ಏಳು ತಿಂಗಳಿಂದ ನೀವು ಬರೆದದ್ದೆಲ್ಲ ಅಂಚೆಕಾರ್ಡು. ಈಗ ನಿಮ್ಮಿಂದ ಒಂದು ಉದ್ದದ ಕಾಗದ ಬೇಕಾಗಿದೆ.

ಗರುಡಾಚಾರ್‌ಪಾಳ್ಯದಲ್ಲಿ ಹೊಸ ಕಂಪನಿಯೊಂದು ತನ್ನ ಅತಿಥಿಗಳನ್ನು ಇಳಿಸಲು ಮನೆ ಹುಡುಕುತ್ತಿದೆ. ನಮ್ಮ ಕೆಳಗಿನ ಮನೆಗೆ ತಿಂಗಳಿಗೆ ಆರು ಸಾವಿರ ಕೊಡುತ್ತಾರಂತೆ. ಪಟಾಲಮ್ಮ ಕೊಡುವುದು ಒಂದೂವರೆ ಸಾವಿರ. ಸಾಲದ ಕಂತಿಗೆ ಪ್ರತಿ ತಿಂಗಳೂ ಆನಂದ್ ಅವರ ಸಂಬಳದಿಂದ ಸೇರಿಸುತ್ತಿದ್ದೇವೆ. ನವೆಂಬರಿನೊಳಗೆ ಮನೆ ಖಾಲಿಯಾಗಬೇಕು. ಪಟಾಲಮ್ಮನವರಿಗೆ ಬಾಯಿಮಾತಿನಲ್ಲಿ ಹೇಳಿದರೆ ಜಗಳವಾಗುತ್ತದೆ. ಅವರ ಮೂವತ್ತು ಜನ ಊಟದವರು ಅಲ್ಲೇ ಸುತ್ತಮುತ್ತ ಇದ್ದಾರೆ.

ಶಿವಾಜಿನಗರದ ವಕೀಲರೊಬ್ಬರನ್ನು ಕಂಡೆವು. ನಿಮ್ಮ ಹೆಸರು ಹೇಳಿದ ಕೂಡಲೇ ನಕ್ಕರು. "ಅಮ್ಮಾ, ಮನೇಲೇ ದೇವ್ರನ್ನ ಇಟ್ಕೊಂಡು ತಿರುಪತಿಗೆ ಬಂದಿದೀರಲ್ಲ. ನಿಮ್ಮ ತಂದೆಯವರ ಕೇಸು ನಮ್ಮ ಸೀನಿಯರ್ ನಡೆಸಿದ್ದು. ಸ್ವಂತ ವಾಸಕ್ಕೆ ಬೇಕು ಅಂತ ಪ್ರಮಾಣಪತ್ರ. ಎದುರುಪಾರ್ಟಿ ಒಂದು ತಕರಾರೂ ತೆಗೀದೆ ಎದ್ದುಹೋದ್ರು" ಎಂದು ಹಳೆಯ ಕಡತ ತೆಗೆದು ತೋರಿಸಿದರು.

ಓದಿದೆ ಅಪ್ಪ. ನನಗೆ ಉಬ್ಬಸದ ಬೇನೆಯೆಂದೂ, ಹುಬ್ಬಳ್ಳಿಯ ಹವೆ ಒಗ್ಗದೆಂದೂ, ಆಸ್ಪತ್ರೆಗೆ ಸಮೀಪವಾಗಿ ಕಾಕ್ಸ್ ಟೌನಿನ ಮನೆಯಲ್ಲಿ ನನ್ನನ್ನಿರಿಸುವಿರೆಂದೂ ಇದೆ. ಕೆಳಗೆ ನಿಮ್ಮ ಸಹಿ. ಆಗ ನೆನಪಾಯಿತು, ತೊಂಬತ್ತನಾಲ್ಕರ ಶ್ರಾವಣದಲ್ಲಿ ನನ್ನನ್ನು ಕರೆಸಿಕೊಂಡು ಆ ಖಾಲಿ ಮನೆಯಲ್ಲಿ ಹಾಲುಕ್ಕಿಸಿ, ಅಮ್ಮನೊಡನೆ ಮೂರು ರಾತ್ರಿ ಮಲಗಿಸಿದ್ದು. ಮನೆ ಶುದ್ಧಿಗೆಂದು ಹೇಳಿದ್ದಿರಿ.

ಕೋಪದಿಂದ ಬರೆಯುತ್ತಿಲ್ಲ. ಉಪಾಯ ಚೆನ್ನಾಗಿದೆ. ವಕೀಲರು ನನಗೂ ಅದನ್ನೇ ಮಾಡೋಣವೆಂದಿದ್ದಾರೆ. ಕಾಯಿಲೆ ಬೇಕಾದರೆ ಅತ್ತೆಯವರದೆಂದು ಬರೆಯಬಹುದಂತೆ. ನೀವು ಅನುಭವಸ್ಥರು. ಮೂರು ರಾತ್ರಿ ಸಾಕೇ? ಬೀಗ ಹಾಕಿ ಎಷ್ಟು ಕಾಲ ಬಿಡಬೇಕು? ಮುಂದಿನ ತಿಂಗಳು ಸಹಿ ಮಾಡಬೇಕಾಗಿದೆ.

ಇತಿ,
ಸುಕನ್ಯ

*

ಹಲಸೂರು
25-8-1999

ಸುಕನ್ಯ,

ಆಶೀರ್ವಾದವನ್ನು ಬರೆಯದೆ ಬಿಟ್ಟಿದ್ದೇನೆ. ನೀನು ಉಪಾಯವೆಂದು ಕರೆದದ್ದನ್ನು ನಾನು ಐದು ವರ್ಷ ದೇವರಮನೆಯಲ್ಲಿ ಕುಳಿತು ಬೇರೆ ಬೇರೆ ಹೆಸರುಗಳಿಂದ ಕರೆದು ನೋಡಿದ್ದೇನೆ. ಅದಕ್ಕೊಪ್ಪುವ ಹೆಸರು ಸುಳ್ಳು ಎಂಬುದೊಂದೇ.

ಜಿಯಾವುಲ್ಲಾ ಸಾಹೇಬರು ಆ ಮನೆಯಲ್ಲಿ ಹತ್ತೊಂಬತ್ತು ವರ್ಷವಿದ್ದರು. ಅವರು ಕೊಡುತ್ತಿದ್ದುದು ಇನ್ನೂರಿಪ್ಪತ್ತು ರೂಪಾಯಿ. ಕಂಪನಿಯೊಂದರ ಅಧಿಕಾರಿ ಬಂದು ಐದು ಸಾವಿರವೆಂದನು. ಸಾಹೇಬರಿಗೆ ಬಾಯಿಬಿಟ್ಟು ಹೇಳಲು ನನಗೆ ನಾಚಿಕೆಯಾಯಿತು. ಹಣದಾಸೆಯವನೆಂದು ಅವರ ಕಣ್ಣಿಗೆ ಕಾಣಬಾರದೆಂಬ ಅಭಿಮಾನ. ವಕೀಲರು ಸ್ವಂತ ವಾಸದ ಮಾರ್ಗ ತೋರಿದರು. ಸುಳ್ಳು ಹೇಳಲಾರೆ ಎಂದೆ. "ಹಾಗಾದ್ರೆ ನಿಜ ಮಾಡ್ಕೊಳ್ಳಿ ಪಂಡಿತರೇ" ಎಂದರು. ಆ ಮಾತು ನನಗೆ ಹಿಡಿಸಿತು. ಅದೇ ನನ್ನ ಪತನ.

ಆ ಚಳಿಗಾಲದಲ್ಲಿ ನಿನಗೆ ಎರಡು ವಾರ ಕೆಮ್ಮಿತ್ತು. ಆ ಕೆಮ್ಮನ್ನು ಉಬ್ಬಸವೆಂದು ಬರೆಯಿಸಿದೆ. ವಾಸಮಾಡುವಳೆಂದು ಬರೆದದ್ದಕ್ಕೆ ನಿನ್ನನ್ನು ಮೂರು ರಾತ್ರಿ ಮಲಗಿಸಿದೆ; ತ್ರಿರಾತ್ರ ತಂಗಿದರೆ ವಾಸವೆನಿಸುವುದೆಂದು ನನಗೆ ನಾನೇ ಅರ್ಥ ಹೇಳಿಕೊಂಡೆ. ಖಾಲಿ ಮಾಡಿಸಿದ ಮನೆಯನ್ನು ಒಂದು ವರ್ಷದೊಳಗೆ ಬೇರೆಯವರಿಗೆ ಕೊಟ್ಟರೆ ಹಿಂದಿನವರು ಮರಳಿ ಕೇಳಬಹುದೆಂದು ವಕೀಲರು ಎಚ್ಚರಿಸಿದ್ದರು. ಹದಿಮೂರು ತಿಂಗಳು ಬೀಗ ಹಾಕಿ, ದಿನವೂ ಸಂಜೆ ಹೋಗಿ ದೀಪ ಹಚ್ಚಿ ಬಂದೆ, ಆಮೇಲೆ ಕಂಪನಿಗೆ ಕೊಟ್ಟೆ. ನಿನ್ನ ತಾಯಿ ಒಂದೇ ಮಾತು ಅಂದಿದ್ದಳು: "ಹೆತ್ತ ಮಗೂಗೆ ಇಲ್ಲದ ಕಾಯ್ಲೆ ಬರೀಬೇಡಿ ರೀ." ಕೇಳಲಿಲ್ಲ.

ಇನ್ನೊಂದನ್ನೂ ಬರೆಯಬೇಕು. ನ್ಯಾಯಾಧೀಶರು ಸಾಹೇಬರನ್ನು, ನಿಮ್ಮ ಆಕ್ಷೇಪಣೆಯೇನು ಎಂದು ಕೇಳಿದರು. ಅವರ ಕಡೆ ವಕೀಲರೂ ಇರಲಿಲ್ಲ. ಎದ್ದು ನಿಂತು, "ಮೇಷ್ಟ್ರು ಸುಳ್ಳು ಹೇಳಲ್ಲ ಸಾರ್. ಅವರ ಮಗಳಿಗೆ ಮೈ ಹುಷಾರಿಲ್ಲಾಂದ್ರೆ ನಾವು ಬಿಡ್ತೀವಿ" ಎಂದರು. ನಾನು ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದೆ. ಬೀಗದಕೈ ಕೊಡುವ ದಿನ ಫಹ್ಮಿದಾ ಬೇಗಂ, ನಿನ್ನ ಎದೆಗೆ ಧೂಳು ತಾಗಬಾರದೆಂದು ಗೋಡೆಗಳಿಗೆಲ್ಲ ಹೊಸದಾಗಿ ಸುಣ್ಣ ಹೊಡೆಸಿದ್ದರು. ಆ ಬಳಿಕ ಎರಡು ಸಲ ರಸೆಲ್ ಮಾರುಕಟ್ಟೆಯಲ್ಲಿ ಸಿಕ್ಕಿ ನಿನ್ನ ಆರೋಗ್ಯ ವಿಚಾರಿಸಿದರು. ನಮಾಜಿನಲ್ಲಿ ನಿನಗಾಗಿ ಬೇಡುತ್ತಿರುವೆನೆಂದರು. "ಸುಧಾರಿಸುತ್ತಿದೆ" ಎಂದೆ. ಅಂದಿನಿಂದ ನಾನು ಆ ಮಾರುಕಟ್ಟೆಗೆ ಹೋಗುವುದನ್ನೇ ಬಿಟ್ಟೆ. ಅವರು ಸ್ವಂತ ಮನೆ ಕಟ್ಟಿಕೊಂಡರೆಂದು ನಿನಗೆ ಹೇಳಿದ್ದು ಕೂಡ ಸುಳ್ಳು. ಅವರೆಲ್ಲಿರುವರೆಂಬುದೇ ನನಗೆ ಗೊತ್ತಿಲ್ಲ.

ಕಟ್ಟಡ ನಿನ್ನದು; ಬೇಡವೆನ್ನುವ ಅಧಿಕಾರ ನನಗಿಲ್ಲ. ಬೇಡಿಕೊಳ್ಳುತ್ತೇನೆ. ಸಹಿ ಮಾಡಬೇಡ.

ಇತಿ,
ಸಂಜೀವಪ್ಪ

*

ಹುಬ್ಬಳ್ಳಿ
3-9-1999

ಅಪ್ಪ,

ಕಟ್ಟಡಕ್ಕೆಂದು ನೀವು ಕೊಟ್ಟ ಒಂದೂವರೆ ಲಕ್ಷ ಕಾಕ್ಸ್ ಟೌನಿನ ಬಾಡಿಗೆಯದೇ ಅಲ್ಲವೇ? ಅದನ್ನು ಕೊಡುವಾಗ ನೀವು ಏನೂ ಹೇಳಲಿಲ್ಲ. ನಾಲ್ಕು ವರ್ಷ ಬಾಡಿಗೆ ಪಡೆದ ಮೇಲೆ ಪಶ್ಚಾತ್ತಾಪ ಪಡುವುದು ಸುಲಭ. ನನಗೆ ಮುಂದಿನ ಹತ್ತನೆಯ ತಾರೀಖು ಕಂತು ಕಟ್ಟಬೇಕು. ನೀವು ಮಾಡಿದಾಗ ಧರ್ಮಸೂಕ್ಷ್ಮವಾಗಿದ್ದದ್ದು ನಾನು ಮಾಡಹೊರಟಾಗ ಪಾಪವಾಯಿತೇ?

ಈ ತಿಂಗಳ ಕೊನೆಗೆ ಬೆಂಗಳೂರಿಗೆ ಬಂದು ಸಹಿ ಮಾಡುತ್ತೇನೆ.

ಸುಕನ್ಯ

*

ಹಲಸೂರು
19-9-1999

ಸುಕನ್ಯಳಿಗೆ,

ನೀನು ಬರೆದದ್ದು ನಿಜ. ಆ ಹಣ ಅಲ್ಲಿಯದೇ.

ಸಾಹೇಬರನ್ನು ಹುಡುಕಿದೆ. ಶಿವಾಜಿನಗರದ ಅಂಗಡಿಯ ಜಾಗದಲ್ಲಿ ಈಗ ಕನ್ನಡಕ ಮಾರುತ್ತಾರೆ. ಪಕ್ಕದವರು ವಿಳಾಸ ಕೊಟ್ಟರು: ಕೃಷ್ಣರಾಜಪುರ, ರೈಲ್ವೆ ನಿಲ್ದಾಣದ ಹಿಂದೆ. ನಿನ್ನೆ ಹೋದೆ. ತಗಡಿನ ಮಾಡಿನ ಒಂದು ಕೋಣೆ. ಸಾಹೇಬರು ಚಾಪೆಯ ಮೇಲೆ ಕುಳಿತು ಶಾಲೆಯ ರಿಜಿಸ್ಟರುಗಳಿಗೆ ಹೊಲಿಗೆ ಹಾಕುತ್ತಿದ್ದರು. ನನ್ನನ್ನು ಕಂಡು ಮುಖವರಳಿತು, ಒಳಗಿದ್ದ ಮಗಳನ್ನು ಕೂಗಿದರು.

"ಬನ್ನಿ ಮೇಷ್ಟ್ರೇ, ಬನ್ನಿ. ಅಲಿಯಾ, ಕುರ್ಚಿ ತಾ ಬೇಟಾ. ಸುಕನ್ಯಮ್ಮ ಹೇಗವ್ರೆ? ಉಬ್ಬಸ ಕಮ್ಮಿ ಆಯ್ತಾ?"

ನಿಂತೇ ಹೇಳಿದೆ: "ಅವಳಿಗೆ ಉಬ್ಬಸ ಇರಲೇ ಇಲ್ಲ ಸಾಹೇಬರೇ. ಮನೆ ಬಿಡಿಸೋದಕ್ಕೆ ನಾನು ಬರೆಸಿದ್ದು."

ಸೂಜಿ ಹಿಡಿದ ಕೈ ತಡೆಯಿತು. ಅವರು ಆ ರಿಜಿಸ್ಟರಿನ ಹೊಲಿಗೆಯನ್ನು ಮುಗಿಸಿ, ದಾರವನ್ನು ಹಲ್ಲಿನಿಂದ ಕಡಿದು, ಪುಸ್ತಕವನ್ನು ಪಕ್ಕಕ್ಕಿಟ್ಟರು. ಅಷ್ಟರಲ್ಲಿ ಫಹ್ಮಿದಾ ಬೇಗಂ ಒಳಗಿನಿಂದ ಬಂದಿದ್ದರು.

"ಐದು ವರ್ಷ" ಎಂದರು. "ಐದು ವರ್ಷ ಐದು ಹೊತ್ತೂ ಆ ಹುಡುಗಿ ಎದೆಗೆ ದುವಾ ಮಾಡಿದೀನಿ. ಚೆನ್ನಾಗಿ ವಾಸಿ ಮಾಡಿದೀನಿ ಅಲ್ವಾ ಮೇಷ್ಟ್ರೇ, ಇಲ್ಲದ ಕಾಯ್ಲೇನ?"

"ಸಾಕು ಬಿಡು" ಎಂದರು ಸಾಹೇಬರು.

"ನೀವು ಸುಮ್ನಿರಿ ಜೀ. ಕೋರ್ಟಲ್ಲಿ ಮಾತಾಡ್ಬೇಕಾದಾಗ ಮೇಷ್ಟ್ರಿಗೆ ಸರ್ಟಿಫಿಕೇಟ್ ಕೊಟ್ಟು ಬಂದ್ರಿ. ಈಗ್ಲೂ ಕೊಡ್ತೀರಾ?"

ಮಾರ್ಚಿಗೆ ಕಂಪನಿಯವರ ಕರಾರು ಮುಗಿಯುತ್ತದೆ, ಮನೆಯನ್ನು ಹಳೆಯ ಬಾಡಿಗೆಗೇ ನಿಮಗೆ ಒಪ್ಪಿಸುತ್ತೇನೆಂದೆ. ಸಾಹೇಬರು ಬೇಡವೆಂದು ತಲೆಯಾಡಿಸಿದರು. "ಇಲ್ಲಿಂದ ಶಿವಾಜಿನಗರಕ್ಕೆ ದಿನಾ ಎರಡು ಬಸ್ಸು ಹತ್ತಿ ಇಳಿದು ಮೊಣಕಾಲು ಹೋಯ್ತು, ಆಮೇಲೆ ಅಂಗಡಿ ಹೋಯ್ತು. ಮನೆ ಕೊಟ್ರೆ ಅವೆರಡೂ ಬರ್ತಾವಾ ಮೇಷ್ಟ್ರೇ?" ಎಂದರು. ಅವರ ದನಿಯಲ್ಲಿ ಕೋಪವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹತ್ತೊಂಬತ್ತು ವರ್ಷ ಬಾಡಿಗೆಗೆ ಹೋದಾಗಲೆಲ್ಲ ಬರುತ್ತಿದ್ದ ಚಹಾ ನಿನ್ನೆ ಬರಲಿಲ್ಲ. ಅದು ಸರಿಯೆಂದೇ ತೋರಿತು.

ಹೊರಡುವ ಮೊದಲು ನಿನ್ನ ವಿಷಯವನ್ನೂ ಹೇಳಿದೆ. ನನ್ನ ದಾರಿಯಲ್ಲಿಯೇ ನನ್ನ ಮಗಳು ನಡೆಯುತ್ತಿರುವಳು, ತಡೆಯುವ ಯೋಗ್ಯತೆ ನನಗಿಲ್ಲವೆಂದು. ಬೇಗಂ ನಿನ್ನ ವಿಳಾಸ ಕೇಳಿದರು. ಕೊಟ್ಟಿದ್ದೇನೆ.

ಸಂಜೀವಪ್ಪ

*

ಕೆ.ಆರ್. ಪುರಂ
24-9-1999

ಸುಕನ್ಯಮ್ಮನಿಗೆ ಫಹ್ಮಿದಾ ಮಾಡುವ ಸಲಾಂ.

ನನಗೆ ಕನ್ನಡ ಬರೆಯೋಕೆ ಬರಲ್ಲ. ನಾನು ಹೇಳ್ತಿದೀನಿ, ಅಲಿಯಾ ಬರೀತಿದಾಳೆ. ನಾನು ಬೈದಿದ್ದನ್ನೆಲ್ಲ ಬರೆಯಲ್ಲ ಅಂತಾಳೆ, ಅದಕ್ಕೇ ಕಾಗದ ಚಿಕ್ಕದಾಗಿದೆ.

ನೀನು ಚೆನ್ನಾಗಿದೀಯ ಅಂತ ಗೊತ್ತಾಯ್ತು. ಸಂತೋಷ. ನಿಜವಾಗ್ಲೂ ಸಂತೋಷ. ನಿನಗೆ ಅಂತ ಕೇಳಿದ್ದ ದುವಾ ವಾಪಸ್ ತಗೊಳ್ಳೋಕಾಗಲ್ಲ, ಇಟ್ಕೋ.

ಆ ಊಟದಮ್ಮನ್ನ ಇಟ್ಕೋ ಅಂತ ನಾನು ಹೇಳಲ್ಲ. ಮನೆ ನಿಂದು. ಕಂತು ಕಟ್ಟೋಳು ನೀನು. ನಿಮ್ಮಪ್ಪ ನಮ್ಮನ್ನ ಬಿಡಿಸಿದ್ದಕ್ಕೆ ನನಗೆ ಅಷ್ಟು ಹೊಟ್ಟೆ ಉರೀಲಿಲ್ಲ. ಬಾಡಿಗೆ ಮನೆ ಅಂದ್ರೆ ಬಿಡೋ ಮನೇನೇ. ಆದ್ರೆ ಒಂದು ಹೇಳ್ತೀನಿ ಕೇಳು. ನಮ್ಮೆಜಮಾನ್ರು ಆಗ ಸಾವಿರ ರೂಪಾಯಿವರೆಗೂ ಕೊಡೋಕೆ ತಯಾರಿದ್ರು. ಮೇಷ್ಟ್ರು ಕೇಳ್ಲೇ ಇಲ್ಲ. ದುಡ್ಡು ಸಾಲದು ಅಂತ ಮುಖಕ್ಕೆ ಹೇಳಿದ್ರೆ ನಾನು ಕೂಗಾಡ್ತಿದ್ದೆ. ಒಂದು ವರ್ಷ ಟೈಮ್ ಕೇಳ್ತಿದ್ದೆ. ಶಿವಾಜಿನಗರದಲ್ಲೇ ಒಂದು ಗಲ್ಲಿ ಹುಡುಕ್ತಿದ್ದೆ. ಕಾಯಿಲೆ ಮಗು ಅಂದ್ಬಿಟ್ರು ನೋಡು, ಬಾಯಿ ಕಟ್ಟೋಯ್ತು. ಕಾಯಿಲೆ ಮಗು ಹತ್ರ ಯಾರು ಚೌಕಾಸಿ ಮಾಡ್ತಾರೆ? ಹದಿನೈದು ದಿನದಲ್ಲಿ ಸಿಕ್ಕಿದ ಕಡೆಗೆ ಹೋದ್ವಿ.

ನೀನು ಆ ಅಮ್ಮನಿಗೆ ಜಗಳ ಆಡೋಕೆ ಬಿಡು. ಅಷ್ಟೇ.

ನಿಮ್ಮತ್ತೆಗೆ ಕಾಯಿಲೆ ಬರೆಸ್ತೀಯಂತೆ. ಬೇಡಮ್ಮ. ಯಾರಾದ್ರೂ ದುವಾ ಮಾಡ್ತಾರೆ, ಪಾಪ.

ಫಹ್ಮಿದಾ
(ಬರೆದವಳು ಅಲಿಯಾ)

*

ಹುಬ್ಬಳ್ಳಿ
17-10-1999

ತೀರ್ಥರೂಪು ಅಪ್ಪನವರಿಗೆ,

ಮುಚ್ಚಿಡುವುದೇಕೆ, ನಿಮ್ಮ ಕಾಗದಕ್ಕೆ ನಾನು ಜಗ್ಗಿರಲಿಲ್ಲ. ಕಳೆದ ತಿಂಗಳ ಇಪ್ಪತ್ತೆಂಟರಂದು ಬಂದು ಸಹಿ ಮಾಡಿ ವಕೀಲರಿಗೆ ಕೊಟ್ಟು, ನಿಮ್ಮನ್ನು ನೋಡದೆ ಮರಳಿದ್ದೆ. ಮನೆಗೆ ಬಂದಾಗ ಫಹ್ಮಿದಾ ಆಂಟಿಯ ಕಾಗದ ಬಾಗಿಲ ಬಳಿ ಬಿದ್ದಿತ್ತು. ಮರುವಾರ ಮತ್ತೆ ರೈಲು ಹತ್ತಿ ಪ್ರಮಾಣಪತ್ರವನ್ನು ಹಿಂದಕ್ಕೆ ಪಡೆದೆ. ವಕೀಲರು ನಮ್ಮ ವಂಶಕ್ಕೇ ವ್ಯವಹಾರಬುದ್ಧಿ ಇಲ್ಲವೆಂದರು.

ಅಲ್ಲಿಂದ ಪಟಾಲಮ್ಮನವರ ಬಳಿ ಹೋಗಿ, ಆರು ಸಾವಿರ ಕೊಡುವವರು ಬಂದಿದ್ದಾರೆ, ನನಗೆ ಹಣ ಬೇಕು ಎಂದೆ. ಸೌಟು ಹಿಡಿದುಕೊಂಡೇ ಬೀದಿಗೆ ಬಂದು ಒಂದು ಗಂಟೆ ಕೂಗಿದರು. "ನಿಮ್ ಅಜ್ಜ ಬೈಲಪ್ಪ ಹಸಿದೋರಿಗೆ ರಾಗಿ ಅಳೆದ ನೆಲ ಇದು, ನೀನು ಗೆಸ್ಟ್‌ಹೌಸ್ ಮಾಡ್ತೀಯಾ?" ಎಂದರು. ಎಲ್ಲರೂ ನಿಂತು ನೋಡಿದರು. ನನಗೆ ಅಳು ಬಂದಮೇಲೆ ಒಳಗೆ ಕರೆದು ಊಟ ಹಾಕಿದರು. "ಆರು ಸಾವ್ರ ನನ್ ಕೈಲಾಗಲ್ಲ. ಎರಡೂವರೆ ಕೊಡ್ತೀನಿ. ಒಂದು ವರ್ಷದಲ್ಲಿ ಬೇರೆ ಕಡೆ ಒಲೆ ಹಾಕ್ಕೊಂಡು ಹೋಗ್ತೀನಿ. ಇದನ್ನ ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?" ಎಂದರು.

ಕಂಪನಿಯವರು ಬೇರೆ ಕಟ್ಟಡ ಹಿಡಿದರು. ಕಂತಿಗೆ ಇನ್ನೂ ಕೊರತೆ ಬೀಳುತ್ತದೆ. ಆನಂದ್ ಅವರು ಎರಡು ದಿನ ಮಾತನಾಡಲಿಲ್ಲ.

ನಿಮ್ಮ ಮೇಲಿನ ಕೋಪ ಇಳಿದಿಲ್ಲ ಅಪ್ಪ. ನನ್ನನ್ನು ಕೇಳದೆ ನನ್ನ ಮೈಗೆ ರೋಗ ಬರೆದಿರಿ. ನನ್ನ ಹೆಸರಿನಿಂದ ಒಂದು ಸಂಸಾರ ಬೀದಿಗೆ ಹೋಯಿತು. ದೀಪಾವಳಿಗೆ ಬರುವುದಿಲ್ಲ. ಅಮ್ಮನಿಗೆ ಪ್ರತ್ಯೇಕ ಬರೆಯುತ್ತೇನೆ.

ಸುಕನ್ಯ

*

ವಿಕ್ರಮ ನಾಮ ಸಂವತ್ಸರದ ಚೈತ್ರ ಶುದ್ಧ ನವಮಿ, ಬುಧವಾರ, ಶ್ರೀರಾಮನವಮಿ
ತಾರೀಖು 12-4-2000, ಹಲಸೂರು

ಚಿರಂಜೀವಿ ಸೌಭಾಗ್ಯವತಿ ಸುಕನ್ಯಳಿಗೆ,

ಆರು ತಿಂಗಳು ನಿನ್ನಿಂದ ಕಾಗದವಿಲ್ಲ. ಕೇಳುವ ಹಕ್ಕು ನನಗಿಲ್ಲದ್ದರಿಂದ ಕೇಳಲಿಲ್ಲ. ನಡೆದದ್ದನ್ನು ಮಾತ್ರ ತಿಳಿಸುತ್ತೇನೆ.

ಮಾಘಮಾಸದಲ್ಲಿ ವಕೀಲರ ಬಳಿಗೆ ಹೋಗಿ, ನನ್ನ ಪ್ರಮಾಣ ಸುಳ್ಳೆಂದು ನ್ಯಾಯಾಲಯಕ್ಕೆ ಬರೆದುಕೊಡಬೇಕೆಂದೆ. ಅವರು ನೀರು ತರಿಸಿ ಕುಡಿಸಿದರು. "ಆರು ವರ್ಷ ಆಯ್ತು ಪಂಡಿತರೇ. ಎದುರುಪಾರ್ಟಿ ಕೇಳ್ತಿಲ್ಲ. ಯಾರೂ ಕೇಳ್ದೇ ಇರೋ ತಪ್ಪನ್ನ ಕೋರ್ಟು ಎಲ್ಲಿಡುತ್ತೆ? ಮನೆಗೆ ಹೋಗಿ" ಎಂದರು. ಹಿಂದಿರುಗಿದೆ. ದಂಡನೆಗಾಗಿ ಒಂದು ಬಾಗಿಲನ್ನು ತಟ್ಟಿ, ಅದು ತೆರೆಯಲಿಲ್ಲವೆಂದು ಒಳಗೊಳಗೇ ಸಮಾಧಾನಪಟ್ಟೆ. ಅದನ್ನೂ ನಿನಗೆ ಹೇಳಿಯೇ ತೀರಬೇಕು.

ಮಾರ್ಚಿನ ಕೊನೆಯಲ್ಲಿ ಕಂಪನಿಯವರು ಕಾಕ್ಸ್ ಟೌನಿನ ಮನೆ ಬಿಟ್ಟರು. ಭಾನುವಾರ ಆ ಮನೆಯಲ್ಲಿಯೇ ಇರುವೆನೆಂದು ಕೃಷ್ಣರಾಜಪುರಕ್ಕೆ ಎರಡು ಕಾಗದ ಬರೆದೆ. ಉತ್ತರ ಬರಲಿಲ್ಲ. ಕಳೆದ ಭಾನುವಾರ ಅವರು ತಾವೇ ಅಲ್ಲಿಗೆ ಬಂದರು, ಫಹ್ಮಿದಾ ಬೇಗಂ ಮತ್ತು ಅಲಿಯಾ. ಅಲಿಯಾಳಿಗೆ ಮದುವೆಯಾಗಿದೆ, ಗಂಡ ವಾಜಿದನಿಗೆ ಫ್ರೇಜರ್ ಟೌನಿನಲ್ಲಿ ಕೆಲಸ. ಬಾಗಿಲ ಬಳಿ ಪಾದರಕ್ಷೆ ಬಿಡದೆಯೇ ನಿಂತು ಬೇಗಂ ಬಾಡಿಗೆ ಎಷ್ಟೆಂದು ಕೇಳಿದರು.

"ನೀವು ಹೇಳಿದಷ್ಟು" ಎಂದೆ.

"ಅದು ಬೇಡ ಮೇಷ್ಟ್ರೇ. ನಿಮ್ಮ ಮನಸ್ಸು ಹಗುರ ಮಾಡೋಕೆ ನನ್ನ ಮಗಳು ಇಲ್ಲಿ ಕೂರಲ್ಲ. ಈ ಬೀದೀಲಿ ಏನು ನಡೀತಿದೆಯೋ ಅದನ್ನ ಹೇಳಿ."

ಮೂರೂವರೆ ಸಾವಿರವೆಂದೆ. ಅದು ಸರಿಯೋ ಎಂದು ತಿಳಿಯಲು ಅವರು ಎದುರುಮನೆಗೂ ಮೂಲೆಮನೆಗೂ ಹೋಗಿ ವಿಚಾರಿಸಿ ಬಂದರು. ನಾನು ಜಗಲಿಯ ಮೇಲೆ ಕಾದೆ. ಆಮೇಲೆ ನಾನು ಬರೆದ ಕರಾರನ್ನು ಅಲಿಯಾ ಸಾಲುಸಾಲಾಗಿ ಗಟ್ಟಿಯಾಗಿ ಓದಿದಳು. ಮನೆ ಬಿಡಿಸಬೇಕಾದರೆ ಆರು ತಿಂಗಳು ಮೊದಲು, ನಿಜವಾದ ಕಾರಣವನ್ನು ಬರಹದಲ್ಲಿ ತಿಳಿಸತಕ್ಕದ್ದು ಎಂದು ಒಂದು ಸಾಲು ಸೇರಿಸಿದಳು. ಪ್ರತಿ ಹಾಳೆಯ ಕೆಳಗೂ ನನ್ನಿಂದ ಸಹಿ ಹಾಕಿಸಿದರು. ಸಾಕ್ಷಿಗೆ ನಾನು ಎದುರುಮನೆಯವರನ್ನು ಕರೆಯಹೋದೆ. "ನಿಮ್ಮವರು ಬೇಡ" ಎಂದು ಬೇಗಂ ಬೀದಿಯ ತುದಿಯ ಬೇಕರಿಯವನನ್ನು ಕರೆತಂದರು.

ಅವರು ನನ್ನನ್ನು ಕ್ಷಮಿಸಿದರೆಂದು ತಿಳಿಯಬೇಡ. ಸಾಹೇಬರು ಬರಲಿಲ್ಲ, ಆ ಬೀದಿಗೆ ಕಾಲಿಡುವುದಿಲ್ಲವೆಂದಿದ್ದಾರಂತೆ. ಬಾಡಿಗೆಯನ್ನು ಬ್ಯಾಂಕಿಗೇ ಹಾಕುತ್ತೇವೆ, ನೀವು ಮನೆಯ ಕಡೆ ಬರಕೂಡದು ಎಂದು ಬೇಗಂ ಹೇಳಿದರು. ಒಪ್ಪಿದೆ. ನನ್ನ ಕಾಲಾನಂತರ ಆ ಮನೆ ನಿನಗೆ ಬರುತ್ತದೆ. ಕರಾರಿನ ಪ್ರತಿಯೊಂದನ್ನು ಇದರೊಡನೆ ಇಟ್ಟಿದ್ದೇನೆ. ಅದರಂತೆ ನಡೆದುಕೋ. ಬಾಡಿಗೆಯ ವಿಷಯದಲ್ಲಿ ನಿನಗೆ ಕೊಡಲು ನನ್ನಲ್ಲಿ ಇನ್ನು ಯಾವ ಬುದ್ಧಿವಾದವೂ ಉಳಿದಿಲ್ಲ.

ಇಂದು ರಾಮಮಂದಿರದಲ್ಲಿ ಪಾನಕ ಹಂಚುವ ಹೊತ್ತಿಗೆ ಕಣ್ಣುಮುಚ್ಚಿ ಬೇಡಿಕೊಂಡದ್ದನ್ನು ಬರೆದು ಮುಗಿಸುತ್ತೇನೆ. ಜಿಯಾವುಲ್ಲಾ ಸಾಹೇಬರ ಮೊಣಕಾಲಿನ ನೋವು ಶಮನವಾಗಲಿ. ಫಹ್ಮಿದಾ ಬೇಗಂ ಅವರ ಮಾತು ಯಾರ ಮುಂದೆಯೂ ತಡೆಯದಿರಲಿ. ಅಲಿಯಾ ಮತ್ತು ವಾಜಿದರು ಆ ಮನೆಯಲ್ಲಿ ಇಚ್ಛೆಯಿದ್ದಷ್ಟು ಕಾಲ ಸುಖವಾಗಿದ್ದು, ಬೇಕೆನಿಸಿದಾಗ ತಾವಾಗಿ ಹೊರಡುವಂತಾಗಲಿ. ಪಟಾಲಮ್ಮನ ಒಲೆ ಎಲ್ಲಿ ಹೂಡಿದರೂ ಉರಿಯಲಿ. ನಿನ್ನ ಕಂತುಗಳು ತೀರಲಿ, ನಿನ್ನ ಗಂಡನ ಮುನಿಸು ಇಳಿಯಲಿ, ನಿನ್ನ ಎದೆ ನೂರು ವರ್ಷ ನಿರಾತಂಕವಾಗಿ ಉಸಿರಾಡಲಿ. ಬಾಡಿಗೆ ಕೊಡುವವರಿಗೂ ಪಡೆಯುವವರಿಗೂ ಭಗವಂತನು ಸಮನಾಗಿ ನೆರಳು ಕೊಡಲಿ. ಸರ್ವರಿಗೂ ಮಂಗಳವಾಗಲಿ.

ಇತಿ,
ಸಂಜೀವಪ್ಪ